ಓಲಾಡಲು ಒಂದಿಷ್ಟು ಜಾಗ

ಸಿಗ್ನಲ್ ಹಸಿರಾದ ಮೇಲಿನ ಮೊದಲ ಮೂರ್ನಾಲ್ಕು ಸೆಕೆಂಡು ಸೈಕಲ್ ಸವಾರನ ಪಾಲಿಗೆ ಇಡೀ ದಾರಿಯಲ್ಲೇ ಅತ್ಯಂತ ಇಕ್ಕಟ್ಟಿನ ಹೊತ್ತು. ಬೆಂಗಳೂರಿನ ಮಿನರ್ವ ಸರ್ಕಲ್ಲಿನಲ್ಲಿ, ಟೌನ್‌ಹಾಲಿನ ಮುಂದೆ, ಹಡ್ಸನ್ ವೃತ್ತದಲ್ಲಿ ಅದು ಪ್ರತಿಸಲವೂ ಮೈಗೆ ತಟ್ಟುತ್ತದೆ. ಎಡಗಾಲು ನೆಲದ ಮೇಲೆ, ಬಲಗಾಲು ಮೇಲೆತ್ತಿ ನಿಲ್ಲಿಸಿದ ಪೆಡಲಿನ ಮೇಲೆ. ಕೆಂಪು ಅಂಕಿ ಮೂರು, ಎರಡು ಎಂದು ಇಳಿಯುತ್ತಿದ್ದಂತೆಯೇ ಸುತ್ತಲಿನ ಸ್ಕೂಟರುಗಳೆಲ್ಲ ಗುರುಗುಟ್ಟತೊಡಗುತ್ತವೆ. ಹಸಿರು ಬಿದ್ದೊಡನೆ ಇಡೀ ಮೈಭಾರವನ್ನು ಬಲಗಾಲಿಗೆ ಹಾಕುತ್ತೇನೆ. ಸೈಕಲ್ ಬಲಕ್ಕೆ ವಾಲುತ್ತದೆ, ಹ್ಯಾಂಡಲ್ ಬಲಕ್ಕೆ ಹೊರಳುತ್ತದೆ. ಮರುಕ್ಷಣ ಎಡಗಾಲಿನ ಸರದಿ, ಎಡಕ್ಕೆ ವಾಲು, ಎಡಕ್ಕೆ ಹೊರಳು. ನಾಲ್ಕಾರು ತುಳಿತ ಆಗುವ ತನಕ ನಾನು ನೇರವಾಗಿ ಹೋಗುತ್ತಿರುವುದೇ ಇಲ್ಲ. ಅಷ್ಟರಲ್ಲಿ ಹಿಂದಿದ್ದವರು ನನ್ನ ಎರಡೂ ಪಕ್ಕದಿಂದ ನುಗ್ಗಿ ವೃತ್ತದ ನಡುವಿಗೆ ಮುಟ್ಟಿರುತ್ತಾರೆ.

ಅಪಾಯ ಇರುವುದು ವೇಗದಲ್ಲಿ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮೋಟಾರು ವಾಹನದ ಮಟ್ಟಿಗೆ ಅದು ನಿಜ. ಸೈಕಲ್ ಮೇಲೆ ಕೂತು ವರ್ಷಗಟ್ಟಲೆ ನಗರದ ವೃತ್ತಗಳನ್ನು ದಾಟಿದ ಮೇಲೆ ನನಗೆ ಮನವರಿಕೆಯಾದದ್ದು ಬೇರೆ. ಇಲ್ಲಿ ಕಷ್ಟವಿರುವುದು ನಿಧಾನದಲ್ಲಿ, ಅದರಲ್ಲೂ ಹೊರಡುವ ಗಳಿಗೆಯಲ್ಲಿ. ಇದೊಂದನ್ನು ಬಿಡದೆ ಬೆನ್ನುಹತ್ತಿದರೆ, ನಮ್ಮ ರಸ್ತೆಗಳನ್ನು ಯಾರ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಲಾಗಿದೆ ಎಂಬುದೂ ಕಾಣತೊಡಗುತ್ತದೆ.

ಸವಾರನಿಲ್ಲದ ಸೈಕಲ್ಲನ್ನು ಮೈದಾನದಲ್ಲಿ ಜೋರಾಗಿ ತಳ್ಳಿಬಿಟ್ಟರೆ ಅದು ಕೂಡಲೇ ಬೀಳುವುದಿಲ್ಲ. ತನ್ನ ಹ್ಯಾಂಡಲನ್ನು ತಾನೇ ಅತ್ತಿತ್ತ ಹೊರಳಿಸಿಕೊಂಡು ಒಂದಷ್ಟು ದೂರ ನೆಟ್ಟಗೆ ಓಡುತ್ತದೆ. ಯಾಕೆ ಹೀಗೆ ಎಂಬುದು ನೂರು ವರ್ಷಕ್ಕೂ ಮೀರಿ ಜಾಣರನ್ನು ಕಾಡಿದ ಪ್ರಶ್ನೆ. ಓಡಿಸಲಾಗದ ಸೈಕಲ್ ಒಂದನ್ನು ಕಟ್ಟಲೇಬೇಕೆಂದು ಹೊರಟ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಡೇವಿಡ್ ಜೋನ್ಸ್, ಮುಂದಿನ ಚಕ್ರದ ಪಕ್ಕದಲ್ಲೇ ಇನ್ನೊಂದು ಚಕ್ರ ಇಟ್ಟು ಅದನ್ನು ಉಲ್ಟಾ ತಿರುಗಿಸಿ ನೋಡಿದರು. ಸುತ್ತುವ ಚಕ್ರವೇ ಸೈಕಲ್ಲನ್ನು ಎತ್ತಿ ಹಿಡಿಯುತ್ತದೆ ಎನ್ನುವುದಾದರೆ ಅದು ಬೀಳಬೇಕಿತ್ತು. ಅವರು ಅದನ್ನೂ ಸಲೀಸಾಗಿ ಓಡಿಸಿದರು, ಆ ಕತೆಯನ್ನು 1970ರಲ್ಲಿ ಬರೆದರು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ಮುಂದಕ್ಕೆ ಹೋದರು: ಸುತ್ತುವ ಚಕ್ರದ ಪ್ರಭಾವವೂ ಸೇರಿದಂತೆ ಆವರೆಗೆ ಕಾರಣ ಎಂದುಕೊಂಡಿದ್ದ ಎರಡು ಅಂಶಗಳನ್ನೂ ತೆಗೆದುಹಾಕಿದ ಪುಟ್ಟ ಸೈಕಲ್ ಕೂಡ ತಾನಾಗಿ ನೆಟ್ಟಗೆ ಓಡಬಲ್ಲದು ಎಂದು ತೋರಿಸಿದರು. ಮರ್ಮ ಇರುವುದು ಬೀಳುವ ಕಡೆಗೇ ತಿರುಗುವುದರಲ್ಲಿ. ಹಾಗೆ ತಾನಾಗಿ ತಿರುಗಿಕೊಳ್ಳುವುದಕ್ಕೆ ಅದಕ್ಕೆ ವೇಗ ಬೇಕು. ಸಂಶೋಧಕರು ಲೆಕ್ಕಕ್ಕೆ ಇಟ್ಟುಕೊಂಡ ಮಾದರಿ ಸೈಕಲ್ಲಿನಲ್ಲಿ ಅದು ಗಂಟೆಗೆ ಸುಮಾರು 15ರಿಂದ 22 ಕಿಲೋಮೀಟರ್. ಅದಕ್ಕಿಂತ ನಿಧಾನವಾದರೆ ಸೈಕಲ್ ನಮಗೆ ಸಹಾಯ ಮಾಡಲಾರದು. ಹೊಣೆಯೆಲ್ಲ ಸವಾರನ ಕೈಗೆ, ಸೊಂಟಕ್ಕೆ, ಕಿವಿಯೊಳಗಿನ ಸಮತೋಲದ ಅಂಗಕ್ಕೆ ಬಂದುಬಿಡುತ್ತದೆ.

ಈ ವಿದ್ಯೆಯನ್ನು ಯಾರೂ ನಮಗೆ ಮಾತಿನಲ್ಲಿ ಹೇಳಿಕೊಟ್ಟದ್ದಲ್ಲ. ಗಂಟೆಯ ಲೆಕ್ಕದಲ್ಲಿ ತಂದ ಬಾಡಿಗೆ ಸೈಕಲ್ಲಿನ ಸೀಟು ನಿಲುಕದೆ, ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದಾಗ, ಹಿಂದೆ ಕ್ಯಾರಿಯರ್ ಹಿಡಿದು ಓಡಿಬರುತ್ತಿದ್ದ ಅಣ್ಣಂದಿರು ಕೂಗುತ್ತಿದ್ದದ್ದು ಎರಡೇ ಮಾತು: ‘ಕೆಳಗೆ ನೋಡಬೇಡ, ತುಳಿ!’ ಎರಡೂ ಸರಿಯಾದ ಮಾತೇ. ಉಳಿದದ್ದನ್ನು ಮೈ ತಾನಾಗಿ ಕಲಿಯಿತು. ಕಲಿತ ಮೇಲೆ ಅದು ಎಷ್ಟು ಆಳಕ್ಕೆ ಇಳಿಯಿತೆಂದರೆ, ನೆಟ್ಟಗೆ ಹೋಗುವುದು ಎಂದರೆ ಲೆಕ್ಕವಿಲ್ಲದಷ್ಟು ಸಣ್ಣ ಬೀಳುಗಳನ್ನು ಬೀಳುವ ಮೊದಲೇ ಹಿಡಿದುಕೊಳ್ಳುವುದು ಎಂಬುದು ಮರೆತೇ ಹೋಯಿತು. ಇನ್ನೂ ಒಂದು ನೆನಪಿದೆ. ಊರಿನ ರಸ್ತೆಯಲ್ಲಿ ಹುಡುಗರು ಸೈಕಲ್ ಕಲಿಯುವುದನ್ನು ಕಂಡರೆ ತಲೆಹೊರೆ ಹೊತ್ತವರೂ ಬದಿಗೆ ಸರಿಯುತ್ತಿದ್ದರು, ಗಾಡಿ ಹೊಡೆಯುವವರು ಹಗ್ಗ ಜಗ್ಗುತ್ತಿದ್ದರು. ‘ಹುಡುಗ ಕಲೀತಾ ಇದಾನೆ’ ಎಂದರೆ ಸಾಕಾಗಿತ್ತು. ರಸ್ತೆಯ ಇಡೀ ಅಗಲವನ್ನು ಆ ಹುಡುಗನ ಓಲಾಟಕ್ಕೆ ಬಿಟ್ಟುಕೊಡುವುದು ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ.

ಆ ಓಲಾಟಕ್ಕೆ ಅಳತೆಯೂ ಇದೆ. ನೆದರ್ಲೆಂಡ್ಸಿನ ಎಂಜಿನಿಯರುಗಳು ಸೈಕಲ್ ದಾರಿ ಕಟ್ಟುವಾಗ ಬಳಸುವ ಕೈಪಿಡಿಯೊಂದಿದೆ. ‘ಕ್ರೋ’ ಎಂಬ ಸಂಸ್ಥೆ ಹೊರತರುವ ಅದನ್ನು ಲೋಕದ ಹಲವು ನಗರಗಳು ನೋಡುತ್ತವೆ. ಸಾಧಾರಣ ವೇಗದಲ್ಲಿ ಹೋಗುವ ಸವಾರ ಅತ್ತಿತ್ತ ಓಲಾಡುವುದು ಸುಮಾರು 20 ಸೆಂಟಿಮೀಟರ್ ಎಂದು ಅದು ಹೇಳುತ್ತದೆ. ಅದೇ ಸವಾರ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ, ಅಥವಾ ಏರು ಹತ್ತುವಾಗ, 80 ಸೆಂಟಿಮೀಟರಿನಷ್ಟು ಓಲಾಡಬಹುದು. ನಾಲ್ಕು ಪಟ್ಟು! ಇದನ್ನು ಮೊದಲ ಸಲ ಓದಿದಾಗ ನನಗೆ ಯಾರೋ ನನ್ನ ಪರವಾಗಿ ಸಾಕ್ಷಿ ಹೇಳಿದಷ್ಟು ಸಮಾಧಾನವಾಯಿತು. ನಿಧಾನವಾಗಿ ಹೋಗುವವನಿಗೆ ಕಡಿಮೆ ಜಾಗ ಸಾಕು ಎಂಬುದು ಎಲ್ಲರ ಎಣಿಕೆ. ‘ಹೆಂಗೂ ಮೆಲ್ಲಗೆ ಹೋಗ್ತೀಯ, ಸೈಡಲ್ಲಿ ಹೋಗಪ್ಪ’ ಎನ್ನುತ್ತಾರೆ. ಲೆಕ್ಕ ಪೂರ್ತಿ ತಿರುಗುಮುರುಗಾಗಿದೆ. ಎಷ್ಟು ನಿಧಾನವೋ ಅಷ್ಟು ಅಗಲ ಬೇಕು.

ಆ ‘ಸೈಡು’ ಹೇಗಿರುತ್ತದೆ ಎಂಬುದು ಅದರಲ್ಲಿ ಹೋದವರಿಗೇ ಗೊತ್ತು. ಡಾಂಬರು ಮುಗಿದು ಮೋರಿಯ ಚಪ್ಪಡಿ ಶುರುವಾಗುವಲ್ಲಿ ಒಂದು ಬಿರುಕು ಇರುತ್ತದೆ, ಚಕ್ರ ಸರಿಯಾಗಿ ಹಿಡಿಯುವಷ್ಟು ಅಗಲ. ಮಳೆನೀರು ಇಳಿಯಲಿ ಎಂದು ಹಾಕಿದ ಕಬ್ಬಿಣದ ಜಾಲರಿಯ ಸರಳುಗಳು ಹೋಗುವ ದಿಕ್ಕಿಗೇ ಉದ್ದಕ್ಕೆ ಇರುತ್ತವೆ. ಮರಳು, ಜಲ್ಲಿ, ಗಾಜಿನ ಚೂರು, ರಸ್ತೆಯ ಕಸವೆಲ್ಲ ವಾಹನಗಳ ಗಾಳಿಗೆ ಗುಡಿಸಿಕೊಂಡು ಬಂದು ಅಲ್ಲೇ ಸೇರುತ್ತದೆ. ನಿಂತ ಕಾರಿನ ಬಾಗಿಲು ತೆರೆದುಕೊಳ್ಳುವುದು ಆ ಜಾಗಕ್ಕೆ. ವೃತ್ತ ಹತ್ತಿರ ಬಂದಂತೆ ಎಡಕ್ಕೆ ತಿರುಗುವವರೆಲ್ಲ ಕತ್ತರಿಸುವುದೂ ಆ ಗೆರೆಯನ್ನೇ. ನಾನು ನೇರ ಹೋಗಬೇಕು, ಪಕ್ಕದ ಕಾರು ಎಡಕ್ಕೆ ತಿರುಗಬೇಕು. ಚಾಲಕ ಬಲಗಡೆಯಿಂದ ಬರುವವರನ್ನು ನೋಡುತ್ತಿರುತ್ತಾನೆ, ಎಡಗಡೆ ಯಾರಾದರೂ ಇರಬಹುದು ಎಂದು ಅವನಿಗೆ ಹೊಳೆಯುವುದೂ ಇಲ್ಲ. ಅವನು ಕೆಟ್ಟವನಲ್ಲ. ನೋಡುವ ಅಗತ್ಯ ಯಾರಿಗೂ ಬೀಳದ ಜಾಗದಲ್ಲಿ ನಾನಿದ್ದೇನೆ, ಅಷ್ಟೆ. ದೊಡ್ಡ ವಾಹನಗಳಿಗೆ ದಾರಿಬಿಟ್ಟು ವಿನಯದಿಂದ ಅಂಚಿಗೆ ಸರಿದ ಸವಾರ ಸುರಕ್ಷಿತ ಅನ್ನಿಸುತ್ತಾನೆ, ಆದರೆ ವೃತ್ತದ ಬಾಯಲ್ಲಿ ಅವನು ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಈಗ ನಾನು ಸಿಗ್ನಲ್ ಇನ್ನೂ ಒಂದಿಷ್ಟು ದೂರ ಇರುವಾಗಲೇ ಹಿಂದೆ ನೋಡಿ, ಕೈ ತೋರಿಸಿ, ಎಡ ಸಾಲಿನ ನಟ್ಟನಡುವಿಗೆ ಬರುತ್ತೇನೆ. ಬೇರೆಯವರ ಹಿಂದೆ ಸಾಲಿನಲ್ಲಿ ನಿಲ್ಲುತ್ತೇನೆ, ಹಸಿರಾದಾಗ ಆ ನಡುವಿನಿಂದಲೇ ಹೊರಡುತ್ತೇನೆ. ಸೈಕಲ್ ನೆಟ್ಟಗಾಗಿ ವೃತ್ತ ದಾಟಿದ ಮೇಲೆ ಮತ್ತೆ ಎಡಕ್ಕೆ ಸರಿದು ದಾರಿ ಬಿಡುತ್ತೇನೆ. ಹಿಂದಿನಿಂದ ಹಾರ್ನ್ ಬರುತ್ತದೆ. ಆದರೆ ಹಾರ್ನ್ ಹೊಡೆದವರು ನನ್ನನ್ನು ಕಂಡಿದ್ದಾರೆ ಎಂದೇ ಅರ್ಥ. ಅಂಚಿನಲ್ಲಿ ಉಜ್ಜಿಕೊಂಡು ಹೋಗುತ್ತಿದ್ದವರು ಹಾರ್ನ್ ಕೂಡ ಹೊಡೆಯುತ್ತಿರಲಿಲ್ಲ.

ಇದರಲ್ಲಿ ಒಂದು ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ನನ್ನ ಹಿಂದೆ ಸಿಟಿ ಬಸ್ಸೊಂದು ನಿಂತಿದ್ದರೆ ಅದರಲ್ಲಿ ಐವತ್ತು ಅರುವತ್ತು ಜನ ಇರುತ್ತಾರೆ, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟ ವಯಸ್ಸಾದವರು. ನನ್ನೊಬ್ಬನ ಓಲಾಟಕ್ಕಾಗಿ ಅವರೆಲ್ಲರ ಮೂರು ಸೆಕೆಂಡು ತೆಗೆದುಕೊಳ್ಳುವ ಹಕ್ಕು ನನಗಿದೆಯೇ? ಬಸ್ಸಿನ ಬಗ್ಗೆ ನನಗೆ ಗೌರವವಿದೆ, ಅದು ನನ್ನ ಎದುರಾಳಿಯಲ್ಲ. ನಾವಿಬ್ಬರೂ ರಸ್ತೆಯ ಎಡಗಡೆಯವರು, ಇಬ್ಬರೂ ಪದೇ ಪದೇ ನಿಂತು ಹೊರಡಬೇಕಾದವರು. ಗಮನಿಸುತ್ತ ಬಂದಂತೆ ಇನ್ನೊಂದು ತಿಳಿಯಿತು: ತುಂಬಿದ ಬಸ್ಸು ನಿಂತಲ್ಲಿಂದ ಹೊರಟಾಗ ಮೊದಲ ಹತ್ತು ಹದಿನೈದು ಮೀಟರಿನಲ್ಲಿ ಅದರ ವೇಗವೂ ನನ್ನ ವೇಗವೂ ಹೆಚ್ಚು ಕಡಿಮೆ ಒಂದೇ. ಆಮೇಲೆ ನಾನು ಎಡಕ್ಕೆ ಸರಿದಿರುತ್ತೇನೆ. ಅದಕ್ಕೆ ನಾನು ಕೊಡುವ ತೊಂದರೆ ನನ್ನ ಸಂಕೋಚ ಹೇಳುತ್ತಿದ್ದಷ್ಟು ದೊಡ್ಡದಲ್ಲ. ಬಸ್ಸನ್ನು ನಿಜವಾಗಿ ತಡೆಯುವುದು ಒಬ್ಬೊಬ್ಬರೇ ಕೂತ ಕಾರುಗಳ ಸಾಲು, ಮತ್ತು ನಿಲ್ದಾಣದ ಬಾಯಿಗೆ ನಿಲ್ಲಿಸಿದ ಗಾಡಿಗಳು. ಬಸ್ಸಿನ ಚಾಲಕರಲ್ಲಿ ಬಹುಮಂದಿಗೆ ಇದು ನನಗಿಂತ ಚೆನ್ನಾಗಿ ಗೊತ್ತು ಅನ್ನಿಸುತ್ತದೆ. ಎದುರಿಗೆ ಸ್ಪಷ್ಟವಾಗಿ ಕಾಣುವ ಸೈಕಲ್ಲಿನ ಹಿಂದೆ ಅವರು ಬ್ರೇಕಿನ ಮೇಲೆ ಕಾಲಿಟ್ಟು ತಾಳ್ಮೆಯಿಂದ ಬರುವುದನ್ನು ಬಹಳ ಸಲ ಕಂಡಿದ್ದೇನೆ.

ಬಲಕ್ಕೆ ತಿರುಗುವುದು ಬೇರೆಯೇ ಪರೀಕ್ಷೆ. ಎಲ್ಲಿ ಹೋಗುತ್ತೇನೆ ಎಂದು ಹೇಳುವುದಕ್ಕೆ ನನಗಿರುವುದು ಕೈಯೊಂದೇ. ಬಲಗೈ ಚಾಚಿದರೆ ಹ್ಯಾಂಡಲ್ ಎಡಗೈಗೆ ಮಾತ್ರ ಉಳಿಯುತ್ತದೆ. ನಮ್ಮ ಸೈಕಲ್ಲುಗಳಲ್ಲಿ ಮುಂದಿನ ಚಕ್ರದ ಬ್ರೇಕು ಸಾಮಾನ್ಯವಾಗಿ ಬಲಗೈಯಲ್ಲೇ ಇರುವುದರಿಂದ ಗಟ್ಟಿಯಾಗಿ ಹಿಡಿಯುವ ಆ ಬ್ರೇಕೂ ಹೋಯಿತು. ಅಂದರೆ ನನ್ನ ಉದ್ದೇಶವನ್ನು ಜನಕ್ಕೆ ತಿಳಿಸಬೇಕಾದ ಗಳಿಗೆಯಲ್ಲೇ ನನ್ನ ಹಿಡಿತದಲ್ಲಿ ಅರ್ಧವನ್ನು ಬಿಟ್ಟುಕೊಡಬೇಕು. ಕಾರಿನಲ್ಲಿ ಬೆರಳಿನಲ್ಲಿ ಆಗುವ ಕೆಲಸಕ್ಕೆ ಸೈಕಲ್ಲಿನಲ್ಲಿ ಇಷ್ಟು ಬೆಲೆ ಇದೆ. ಗುಂಡಿ ಇರುವ ಕಡೆ, ಇಳಿಜಾರಿನಲ್ಲಿ, ಮಳೆಯಲ್ಲಿ ಆ ಬೆಲೆ ತೆರಲು ಆಗುವುದೇ ಇಲ್ಲ. ಸೈಕಲ್ಲಿನವರು ಕೈ ತೋರಿಸದೆ ತಿರುಗುತ್ತಾರೆ ಎಂದು ಬೈಯುವವರಿಗೆ ಇದನ್ನು ಒಮ್ಮೆ ಹೇಳಬೇಕು ಅನ್ನಿಸುತ್ತದೆ. ವೇಗ ಇರುವಾಗಲೇ, ಸೈಕಲ್ ತಾನಾಗಿ ನೆಟ್ಟಗಿರುವಾಗಲೇ, ಮುಂಚಿತವಾಗಿ ಕೈ ತೋರಿಸಿ ಮುಗಿಸಿ, ನಿಧಾನವಾಗುವ ಹೊತ್ತಿಗೆ ಎರಡೂ ಕೈ ಹ್ಯಾಂಡಲಿಗೆ ತಂದುಕೊಳ್ಳುವುದು ಅನುಭವ ಕಲಿಸಿದ ದಾರಿ. ಹಡ್ಸನ್ ವೃತ್ತದಂಥ ದೊಡ್ಡ ಕೂಡುರಸ್ತೆಯಲ್ಲಿ ಅದೂ ಸಾಲದು. ಅಲ್ಲಿ ನೇರ ಹೋಗುವವರ ಜೊತೆ ನೇರ ದಾಟಿ, ಎದುರು ಮೂಲೆಯಲ್ಲಿ ನಿಂತು, ಸೈಕಲ್ ತಿರುಗಿಸಿಕೊಂಡು, ಅಡ್ಡರಸ್ತೆಗೆ ಹಸಿರು ಬಂದಾಗ ಅವರ ಜೊತೆ ಹೋಗುತ್ತೇನೆ. ರಸ್ತೆಯ ಬಲಬದಿಯಲ್ಲಿ ಸಾಗುವ ಡೆನ್ಮಾರ್ಕಿನ ಸವಾರರು ತಮ್ಮ ಎಡ ತಿರುವನ್ನು ಕಾನೂನಿನಂತೆ ಹೀಗೆ ಎರಡು ಹಂತದಲ್ಲೇ ಮಾಡುತ್ತಾರೆ. ಒಂದು ತಿರುವಿಗೆ ಎರಡು ಸಲ ಹೊರಡಬೇಕು, ನಿಜ. ಆದರೆ ನುಗ್ಗುವ ಮೂರು ಸಾಲುಗಳನ್ನು ಒಂಟಿ ಕೈಯಲ್ಲಿ ಅಡ್ಡ ಹಾಯುವುದಕ್ಕಿಂತ ಮೇಲು.

ನನ್ನದು ಹಗುರವಾದ ಸೈಕಲ್, ಬೆನ್ನಿಗೊಂದು ಚೀಲ ಮಾತ್ರ. ಈ ನಗರದಲ್ಲಿ ಸೈಕಲ್ ತುಳಿಯುವ ಬಹುಮಂದಿಗೆ ಆ ಅನುಕೂಲ ಇಲ್ಲ. ಕ್ಯಾರಿಯರಿನ ಎರಡೂ ಪಕ್ಕಕ್ಕೆ 20 ಲೀಟರಿನ ನೀರಿನ ಕ್ಯಾನು ನೇತುಹಾಕಿಕೊಂಡು ಅಂಗಡಿಗಳಿಗೆ ಹೋಗುವವರು, ನಸುಕಿನಲ್ಲಿ ಹ್ಯಾಂಡಲಿಗೂ ಹಿಂದಕ್ಕೂ ಪತ್ರಿಕೆಯ ಕಟ್ಟು ಹೇರಿಕೊಂಡ ಹುಡುಗರು, ರಾತ್ರಿ ಮೆಜೆಸ್ಟಿಕ್ಕಿನ ಸುತ್ತ ಫ್ಲಾಸ್ಕು ಕಟ್ಟಿಕೊಂಡು ಟೀ ಮಾರುವವರು, ಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರರು. ಗೇರ್ ಇಲ್ಲದ ಕಪ್ಪು ಸೈಕಲ್ಲಿನ ಮೇಲೆ 40 ಕಿಲೋ ನೀರು ಹೇರಿ ನಿಂತಲ್ಲಿಂದ ಹೊರಡುವುದು ಏನೆಂದು ನೋಡಬೇಕು. ಮೊದಲ ತುಳಿತಕ್ಕೆ ಆ ಮನುಷ್ಯ ಸೀಟಿನಿಂದ ಎದ್ದು ನಿಲ್ಲುತ್ತಾನೆ. ಕ್ಯಾನಿನೊಳಗೆ ನೀರು ಒಮ್ಮೆಲೇ ಒಂದು ಬದಿಗೆ ಎಳೆಯುತ್ತದೆ, ಹ್ಯಾಂಡಲ್ ಗಡಗಡ ನಡುಗುತ್ತದೆ. ಅವನಿಗೆ 80 ಸೆಂಟಿಮೀಟರ್ ಕೂಡ ಸಾಲದು.

ಹಾಗಾಗಿ ಅವನು ನಿಲ್ಲದಿರಲು ಏನೆಲ್ಲ ಮಾಡುತ್ತಾನೆ! ದೂರದಿಂದಲೇ ಸಿಗ್ನಲ್ ನೋಡಿ ತುಳಿತ ಬಿಟ್ಟು, ಹಸಿರು ಬರುವ ಹೊತ್ತಿಗೆ ಮುಟ್ಟುವ ಹಾಗೆ ತೇಲಿಕೊಂಡು ಬರುತ್ತಾನೆ. ಅದು ತಪ್ಪಿದರೆ, ಸಂದು ಕಂಡರೆ, ಕೆಂಪಿನಲ್ಲೇ ದಾಟಿಬಿಡುತ್ತಾನೆ. ನಾನು ಕೆಂಪಿಗೆ ನಿಲ್ಲುತ್ತೇನೆ. ನಮ್ಮ ವೃತ್ತಗಳಲ್ಲಿ ಐದಾರು ದಿಕ್ಕಿನಿಂದ ವಾಹನ ಬರುವಾಗ ನಿಲ್ಲಲೇಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅವನನ್ನು ಕಾನೂನು ಮುರಿಯುವ ಚಾಳಿಯವನು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಬರ್ಕ್ಲಿಯ ಭೌತಶಾಸ್ತ್ರಜ್ಞ ಜೋಯೆಲ್ ಫಜಾನ್ಸ್ ಅವರು ಮೆಲನಿ ಕರಿ ಅವರೊಂದಿಗೆ 2001ರಲ್ಲಿ ಬರೆದ ಲೇಖನದಲ್ಲಿ ಇದರ ಲೆಕ್ಕ ಹಾಕಿದ್ದಾರೆ. 300 ಅಡಿಗೊಮ್ಮೆ ಪೂರ್ತಿ ನಿಂತು ಹೊರಡಬೇಕಾದರೆ, ಅಷ್ಟೇ ಶಕ್ತಿ ಹಾಕುವ ಸವಾರನ ಸರಾಸರಿ ವೇಗ ಸುಮಾರು ಶೇ 40ರಷ್ಟು ಇಳಿದುಹೋಗುತ್ತದೆ. ಅಮೆರಿಕದ ಐಡಾಹೊ ರಾಜ್ಯ 1982ರಲ್ಲೇ, ‘ಸ್ಟಾಪ್’ ಫಲಕದ ಮುಂದೆ ಸೈಕಲ್ ಸವಾರರು ಪೂರ್ತಿ ನಿಲ್ಲದೆ ನಿಧಾನಿಸಿ, ಯಾರೂ ಇಲ್ಲವೆಂದು ನೋಡಿಕೊಂಡು ದಾಟಬಹುದು ಎಂದು ಕಾನೂನು ಮಾಡಿತು. ನಮ್ಮ ಟೌನ್‌ಹಾಲ್ ಮುಂದೆ ಅದು ನಡೆಯುವಂಥದ್ದಲ್ಲ. ಆದರೂ ಆ ಕಾನೂನು ನನಗೆ ಒಂದನ್ನು ನೆನಪಿಸುತ್ತದೆ: ‘ನಿಲ್ಲು’ ಎಂಬ ಸೂಚನೆ ಎಲ್ಲರಿಂದ ಕೇಳುವುದು ಒಂದೇ ಆದರೂ ಎಲ್ಲರೂ ಕೊಡುವುದು ಒಂದೇ ಅಲ್ಲ. ಒಬ್ಬರು ಕಾಲ್ಬೆರಳು ಒತ್ತಿ ಮತ್ತೆ ಹೊರಡುತ್ತಾರೆ. ಇನ್ನೊಬ್ಬರು ಮಧ್ಯಾಹ್ನದ ಊಟದಿಂದ ತಂದ ಶಕ್ತಿಯನ್ನು ಅಲ್ಲಿ ಚೆಲ್ಲುತ್ತಾರೆ.

ಬೆಂಗಳೂರಿನಲ್ಲಿ ಸೈಕಲ್ಲಿಗೆ ಜಾಗ ಕೊಡುವ ಪ್ರಯತ್ನಗಳು ಆಗಿಲ್ಲವೆಂದಲ್ಲ. ಜಯನಗರದಲ್ಲಿ ಪಥ ಗುರುತಿಸಿದ್ದರು, ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಿದರು, ಅದೂ ಬಾಳಲಿಲ್ಲ. ಅವುಗಳ ಬಗ್ಗೆ ನನ್ನ ಆಕ್ಷೇಪ ಸ್ವಲ್ಪ ಬೇರೆ ರೀತಿಯದು. ಸೈಕಲ್ ಪಥದ ಗೆರೆಗಳು ಸಾಮಾನ್ಯವಾಗಿ ಎರಡು ವೃತ್ತಗಳ ನಡುವೆ ಇರುತ್ತವೆ, ವೃತ್ತ ಹತ್ತಿರ ಬಂದಾಗ ಅಳಿಸಿಹೋಗುತ್ತವೆ. ನಡುದಾರಿಯಲ್ಲಿ ನನಗೆ ವೇಗವಿದೆ, ಸೈಕಲ್ ತಾನೇ ನೆಟ್ಟಗಿದೆ, ನನ್ನ ಓಲಾಟ ಒಂದು ಗೇಣು ಮಾತ್ರ. ಅಲ್ಲಿ ನನಗಾಗಿ ಎರಡು ಮೀಟರ್ ಎತ್ತಿಟ್ಟಿದ್ದಾರೆ. ನಿಂತು ಹೊರಡುವಲ್ಲಿ, ನಾಲ್ಕು ಪಟ್ಟು ಜಾಗ ಬೇಕಾದಲ್ಲಿ, ಏನೂ ಇಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾದಾಗ ಬಹಳ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅಲ್ಲಿನ ಅಗಲ ರಸ್ತೆಗಳೂ ಮರಗಳ ನೆರಳೂ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಆದರೆ ಸೈಕಲ್ ಕೊಟ್ಟ ಮೇಲೆ ಅದು ನಿಂತು ಹೊರಡುವ ಜಾಗದ ಬಗ್ಗೆಯೂ ಯೋಚನೆ ಬೇಕು.

ಬೇಕಾದದ್ದು ದೊಡ್ಡದೇನಲ್ಲ. ಕೋಪನ್‌ಹೇಗನ್ನಿನ ಹಲವು ಸಿಗ್ನಲ್ಲುಗಳಲ್ಲಿ ಮೋಟಾರು ವಾಹನಗಳು ನಿಲ್ಲುವ ಗೆರೆ ಸೈಕಲ್ಲಿನವರ ಗೆರೆಗಿಂತ ಕೆಲವು ಮೀಟರ್ ಹಿಂದಿರುತ್ತದೆ, ಸೈಕಲ್ಲಿನ ಹಸಿರು ಕೆಲವು ಸೆಕೆಂಡು ಮೊದಲು ಬರುತ್ತದೆ. ಹೊಸ ಮೇಲ್ಸೇತುವೆ ಬೇಡ, ಭೂಮಿ ವಶಪಡಿಸಿಕೊಳ್ಳುವುದು ಬೇಡ. ಡಾಂಬರಿನ ಮೇಲೆ ಬಿಳಿ ಬಣ್ಣ ಬೇಕು, ಸಿಗ್ನಲ್ಲಿನ ಸಮಯದಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ನಮ್ಮಲ್ಲಿ ಆ ಗೆರೆಯ ಮುಂದಿನ ಜಾಗಕ್ಕೆ ಸ್ಕೂಟರುಗಳು ಬಂದು ನಿಲ್ಲುತ್ತವೆ, ಗೊತ್ತಿದೆ. ಜೀಬ್ರಾ ಪಟ್ಟಿಯ ಮೇಲೂ ನಿಲ್ಲುತ್ತವೆ. ಅದಕ್ಕಾಗಿಯೇ ಸೈಕಲ್ಲಿಗೆ ಮೊದಲು ಬರುವ ಹಸಿರನ್ನು ನಾನು ಬಣ್ಣಕ್ಕಿಂತ ಹೆಚ್ಚು ನಂಬುತ್ತೇನೆ. ಎಲ್ಲರ ಕಣ್ಣೂ ಹೇಗೂ ಸಿಗ್ನಲ್ಲಿನ ಅಂಕಿಯ ಮೇಲೇ ನೆಟ್ಟಿರುತ್ತದೆ.

ಇದು ನಮ್ಮಲ್ಲಿ ಆಗದು ಎನ್ನುವವರಿಗೆ ನಾನು ದಿನವೂ ಹಾದುಹೋಗುವ ಒಂದು ಕೂಡುರಸ್ತೆಯನ್ನು ತೋರಿಸಬಲ್ಲೆ. ಹತ್ತಿರದಲ್ಲಿ ಸರ್ಕಾರಿ ಶಾಲೆಯೊಂದಿದೆ, ಬೆಳಿಗ್ಗೆ ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ. ಆ ಹೊತ್ತಿಗೆ ಅಲ್ಲಿ ನಿಲ್ಲುವ ಟ್ರಾಫಿಕ್ ಕಾನ್‌ಸ್ಟೆಬಲ್ ಹಸಿರಾದ ಮೇಲೂ ಒಂದು ಕೈ ಅಡ್ಡ ಹಿಡಿದು ಸ್ಕೂಟರು ಕಾರುಗಳನ್ನು ತಡೆದು, ಇನ್ನೊಂದು ಕೈಯಲ್ಲಿ ಮಕ್ಕಳನ್ನು ಕರೆಯುತ್ತಾರೆ. ಮಕ್ಕಳು ಅಡ್ಡಾದಿಡ್ಡಿ ಓಲಾಡುತ್ತ ಹೊರಟು, ನಡುವೃತ್ತದ ಹೊತ್ತಿಗೆ ನೇರವಾಗಿ, ಆಚೆ ಮುಟ್ಟುತ್ತಾರೆ. ಆಮೇಲೆ ಕೈ ಇಳಿಯುತ್ತದೆ. ಅಷ್ಟಕ್ಕೆ ಯಾರೂ ರೇಗಿದ್ದನ್ನು ನಾನು ಕಂಡಿಲ್ಲ. ಊರಿನಲ್ಲಿ ಗಾಡಿಯ ಹಗ್ಗ ಜಗ್ಗುತ್ತಿದ್ದವರ ಮೊಮ್ಮಕ್ಕಳೇ ಇಲ್ಲಿ ಬ್ರೇಕು ಹಿಡಿದು ಕೂತಿರಬಹುದು. ಆ ಗುಣ ಎಲ್ಲಿಗೂ ಹೋಗಿಲ್ಲ, ಅದನ್ನು ತೋರಿಸಲು ಅವರಿಗೆ ಒಂದು ಸೂಚನೆ ಬೇಕು. ಆದರೆ ಆ ಕಾನ್‌ಸ್ಟೆಬಲ್ ರಜೆ ಹಾಕಿದ ದಿನ ಆ ಮಕ್ಕಳು ಉಳಿದ ನಮ್ಮೆಲ್ಲರ ಹಾಗೆ ಮೋರಿಯ ಅಂಚಿಗೆ ಒತ್ತಿಕೊಂಡು ನಿಂತಿರುತ್ತಾರೆ. ಆ ಕೈ ಕೊಡುವ ನಾಲ್ಕು ಸೆಕೆಂಡು ಸಿಗ್ನಲ್ ಪೆಟ್ಟಿಗೆಯೊಳಗೇ ಸೇರಿಬಿಡಬೇಕು, ಆ ಕಾನ್‌ಸ್ಟೆಬಲ್‌ಗೆ ವರ್ಗವಾದರೂ ಉಳಿಯುವ ಹಾಗೆ, ಮತ್ತು ನೀರಿನ ಕ್ಯಾನು ಹೇರಿಕೊಂಡು ಬರುವವನಿಗೂ ಸಿಗುವ ಹಾಗೆ.